ಹತ್ತು ಅಡಿ ಎತ್ತರದ ಬಳೆ

ಕಾಲವು ಮನುಷ್ಯನ ಉಡುಗೆ ತೊಡುಗೆಗಳನ್ನು ಮಾರ್ಪಡಿಸುವಂತೆಯೇ ಆತನ ಆಟಗಳನ್ನೂ ಮಾರ್ಪಡಿಸುತ್ತದೆ. ಆದರೂ ಕೆಲವು ಆಟಗಳಲ್ಲಿ ಎಲ್ಲವೂ ಬದಲಾಗಿ ಒಂದು ಅಳತೆ ಮಾತ್ರ ಅಚಲವಾಗಿ ನಿಲ್ಲುವುದುಂಟು. ಬಾಸ್ಕೆಟ್‌ಬಾಲ್ ಎಂಬ ಬುಟ್ಟಿಚೆಂಡಿನ ಆಟದಲ್ಲಿ ನೆಲದಿಂದ ಕಬ್ಬಿಣದ ಬಳೆಯವರೆಗಿನ ಎತ್ತರವು ಅಂತಹ ಅಳತೆ. 1891ರಲ್ಲಿ ಅದು ಹತ್ತು ಅಡಿ; ಇಂದಿಗೂ ಹತ್ತು ಅಡಿಯೇ. ಬದಲಾದದ್ದು ಆ ಬಳೆಯ ಕೆಳಗೆ ಆಡುವ ರೀತಿ; ಅದಕ್ಕಿಂತಲೂ ಹೆಚ್ಚಾಗಿ, ಅದರ ಕೆಳಗೆ ಬಂದು ನಿಲ್ಲಲು ವಿದ್ಯಾರ್ಥಿಯು ನಡೆಯಬೇಕಾದ ದಾರಿ. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆನಾಡಿನಲ್ಲಿ ಈ ದಾರಿಯ ವೃತ್ತಾಂತವೇ ಕಾಲೇಜು ಕ್ರೀಡೆಯ ನಿಜವಾದ ಚರಿತ್ರೆ.

ಈ ಆಟವು ಹುಟ್ಟಿದ್ದೇ ವಿದ್ಯಾಶಾಲೆಯಲ್ಲಿ. ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಶಿಕ್ಷಣಶಾಲೆಯೊಂದಿದ್ದಿತು. ಚಳಿಗಾಲದ ಹಿಮದಿಂದಾಗಿ ಬಯಲಿಗೆ ಹೋಗಲಾರದೆ ಬೇಸತ್ತ ತರುಣರಿಗಾಗಿ, ಅಲ್ಲಿನ ಉಪಾಧ್ಯಾಯನಾದ ಜೇಮ್ಸ್ ನೇಸ್ಮಿತ್ ಎಂಬಾತನು ವ್ಯಾಯಾಮಶಾಲೆಯ ಮೊಗಸಾಲೆಯ ಅಂಚಿಗೆ ಎರಡು ಹಣ್ಣಿನ ಬುಟ್ಟಿಗಳನ್ನು ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದನು. ಆ ಅಂಚು ನೆಲದಿಂದ ಹತ್ತು ಅಡಿಯಿದ್ದುದರಿಂದ ಬಳೆಯ ಎತ್ತರವೂ ಹತ್ತು ಅಡಿಯಾಯಿತು. ಅದರಲ್ಲಿ ಬೇರೆ ಶಾಸ್ತ್ರವೇನೂ ಇಲ್ಲ. ಪಕ್ಷಕ್ಕೆ ಒಂಬತ್ತು ಮಂದಿ ಆಡಿದ ಆ ಮೊದಲ ಪಂದ್ಯದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಸಲ. ಸ್ವಲ್ಪ ಕಾಲದಲ್ಲಿಯೇ ಸ್ಮಿತ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ವಿದ್ಯಾರ್ಥಿನಿಯರಿಗೂ ಇದನ್ನು ಕಲಿಸಿದಳು. ಆದರೆ ಹೆಣ್ಣುಮಕ್ಕಳು ದಣಿಯಬಾರದೆಂದು ಅಂಗಳವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಗೆರೆಯೊಳಗೇ ಇರತಕ್ಕದ್ದೆಂದು ವಿಧಿಸಲಾಯಿತು. ಆ ಗೆರೆಗಳು ಅಳಿಯಲು ದಶಕಗಳೇ ಹಿಡಿದವು. ಒಲಿಂಪಿಕ್ ಕ್ರೀಡೆಗಳಲ್ಲಿ ಪುರುಷರ ಆಟಕ್ಕೆ 1936ರಲ್ಲಿ ಸ್ಥಾನ ದೊರೆತರೆ, ಸ್ತ್ರೀಯರ ಆಟಕ್ಕೆ 1976ರಲ್ಲಿ ದೊರೆಯಿತು.

ನಿಯಮಗಳು ಬದಲಾದಂತೆ ಆಟದ ಸ್ವಭಾವವೂ ಬದಲಾಯಿತು. ಆದಿಯಲ್ಲಿ ಚೆಂಡನ್ನು ಹಿಡಿದವನು ನಿಂತಲ್ಲಿಂದಲೇ ಎಸೆಯಬೇಕಾಗಿದ್ದಿತು. ನೆಲಕ್ಕೆ ಪುಟಿಸುತ್ತ ಮುಂದೋಡುವ ಕೌಶಲವು ಆಮೇಲೆ ಬಂದದ್ದು. ಪ್ರತಿಯೊಂದು ಬುಟ್ಟಿಯಾದ ಮೇಲೂ ಅಂಗಳದ ನಡುವೆ ಚೆಂಡನ್ನು ಮೇಲೆಸೆದು ಆಟವನ್ನು ಮತ್ತೆ ಆರಂಭಿಸುವ ಪದ್ಧತಿಯು ಅಮೆರಿಕಾದ ಕಾಲೇಜುಗಳಲ್ಲಿ 1937ರಲ್ಲಿ ನಿಂತುಹೋಗಿ, ಆಟಕ್ಕೆ ಓಟದ ವೇಗ ಬಂದಿತು. ಚೆಂಡು ಕೈಗೆ ಬಂದ ಮೇಲೆ ಇಷ್ಟು ಕ್ಷಣಗಳೊಳಗೆ ಎಸೆಯಲೇಬೇಕೆಂಬ ಕಟ್ಟಳೆಯು ಅಂತರರಾಷ್ಟ್ರೀಯ ಆಟದಲ್ಲಿ 1956ರಲ್ಲಿ ಮೂವತ್ತು ಸೆಕೆಂಡು, 2000ದಲ್ಲಿ ಇಪ್ಪತ್ತನಾಲ್ಕು ಸೆಕೆಂಡು ಎಂದು ಬಿಗಿಯಾಯಿತು. 1984ರಲ್ಲಿ ದೂರದಿಂದ ಹಾಕಿದ ಬುಟ್ಟಿಗೆ ಮೂರು ಅಂಕವೆಂಬ ನಿಯಮ ಬಂದು, ಉದ್ದಾಳುಗಳ ಆಟವೆನ್ನಿಸಿಕೊಂಡಿದ್ದುದರಲ್ಲಿ ಗಿಡ್ಡಾಳಿನ ಗುರಿಗೂ ಬೆಲೆ ಬಂದಿತು.

ಭಾರತದಲ್ಲಿ ಈ ಆಟವನ್ನು ಹರಡಿದವರಲ್ಲಿ ಮುಖ್ಯರು ವ್ಯಾಯಾಮ ಶಿಕ್ಷಕರು. 1920ರಲ್ಲಿ ಹ್ಯಾರಿ ಬಕ್ ಎಂಬಾತನು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ಪರವಾಗಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದನು. ಅಲ್ಲಿ ತರಬೇತಾದವರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹೊಸ ಆಟಗಳನ್ನು ಕೊಂಡೊಯ್ದರು. ಮದ್ರಾಸಿನ ಕಡೆಯ ರೈಲುಮಾರ್ಗವೂ ಮುಂಬಯಿಯ ಕಡೆಯದೂ 1871ರಲ್ಲಿ ಒಂದುಗೂಡಿದ್ದು ರಾಯಚೂರಿನಲ್ಲಿಯೇ. ಆದರೆ ರೈಲು ಬಂದ ಊರಿಗೆ ಕಾಲೇಜು ಬೇಗನೆ ಬರಲಿಲ್ಲ. ನಿಜಾಮರ ರಾಜ್ಯಕ್ಕೆ ಸೇರಿದ್ದ ಈ ಸೀಮೆಯ ತರುಣನು ಪದವಿಗಾಗಿ ಹೈದರಾಬಾದಿಗೆ ಹೋಗಬೇಕಾಗಿದ್ದಿತು. ಅಲ್ಲಿ 1887ರಲ್ಲಿ ಸ್ಥಾಪಿತವಾದ ನಿಜಾಂ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಕಾಲೇಜಿನ ಅಂಗಳವನ್ನು ಮುಟ್ಟುವ ಮುನ್ನ ಊರನ್ನೂ ದಾಟಬೇಕು, ಭಾಷೆಯನ್ನೂ ದಾಟಬೇಕು. ದಾಟಿದವರು ಕೆಲವರೇ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಸೇರಿದವು. ಪಂಡಿತ ತಾರಾನಾಥರ ಹೆಸರನ್ನು ಹೊತ್ತ ಶಿಕ್ಷಣ ಸಂಸ್ಥೆಯ ಲಕ್ಷ್ಮೀ ವೆಂಕಟೇಶ ದೇಸಾಯಿ ಕಾಲೇಜಿನಂಥವು ಊರಿನಲ್ಲಿಯೇ ಬೆಳೆದು, ಮನೆಯ ಹತ್ತಿರದಲ್ಲಿ ಕನ್ನಡ ನಾಡಿನ ಪದವಿಯು ದೊರೆಯುವಂತಾಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವು ಹುಟ್ಟಿ ಈ ಕಾಲೇಜುಗಳು ಅದರ ಪಾಲಾದವು. 2020–21ರಲ್ಲಿ ರಾಯಚೂರಿಗೇ ವಿಶ್ವವಿದ್ಯಾನಿಲಯವು ಬಂದು, ಮುಂದೆ ಮಹರ್ಷಿ ವಾಲ್ಮೀಕಿಯ ಹೆಸರನ್ನು ಪಡೆಯಿತು. ಕಾಲೇಜು ತಂಡಗಳ ಪಂದ್ಯಗಳು ವಿಶ್ವವಿದ್ಯಾನಿಲಯದ ಎಲ್ಲೆಯೊಳಗೆ ನಡೆದು, ಅಲ್ಲಿ ಆಯ್ಕೆಯಾದವರು ಅದರ ಹೆಸರಿನಲ್ಲಿ ಹೊರಗೆ ಆಡುವರಷ್ಟೆ. ಆದುದರಿಂದ ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗಳು ಊರನ್ನು ಬದಲಿಸದೆಯೇ ಮೂರು ವಿಶ್ವವಿದ್ಯಾನಿಲಯಗಳ ಅಂಗಿಯನ್ನು ತೊಡಬಹುದಾಗಿದ್ದಿತು. ಅಜ್ಜನು ಆಯ್ಕೆಗಾಗಿ ನೋಡಬೇಕಾಗಿದ್ದದ್ದು ದೂರದ ಧಾರವಾಡದ ಕಡೆಗೆ. ಮೊಮ್ಮಗಳಿಗೆ ಅದು ತನ್ನ ಜಿಲ್ಲೆಯಲ್ಲಿಯೇ ಇದೆ.

ಆದರೆ ಹತ್ತಿರ ಬಂದದ್ದು ಒಡೆದೂ ಹೋಯಿತು. 1996ರಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾನಿಲಯವೂ, 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಏರ್ಪಟ್ಟವು. 2008–09ರಲ್ಲಿ ರಾಯಚೂರಿನಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಬೇರೆಯಾಗಿ ನಿಂತಿತು. ಹೀಗೆ ಒಂದೇ ಪಟ್ಟಣದ ನಾಲ್ಕು ಕಾಲೇಜುಗಳ ಆಟಗಾರರು ನಾಲ್ಕು ವಿಶ್ವವಿದ್ಯಾನಿಲಯಗಳ ಪಂದ್ಯಗಳಿಗೆ ನಾಲ್ಕು ದಿಕ್ಕಿಗೆ ಹೋಗುವರು. ನೆರೆಯವರು ನೆರೆಯವರೊಡನೆ ಆಡುವ ಸಂದರ್ಭವೇ ವಿರಳವಾಯಿತು. ವರ್ಷಕ್ಕೊಂದು ಪರೀಕ್ಷೆಯಿದ್ದಲ್ಲಿ ಎರಡಾದುದರಿಂದ ಅಭ್ಯಾಸದ ತಿಂಗಳುಗಳೂ ಕಿರಿದಾದವು.

ಜಿಲ್ಲಾಪಟ್ಟಣದ ಸ್ಥಿತಿ ಇದಾದರೆ, ಅದರ ನೈರುತ್ಯಕ್ಕಿರುವ ಮಾನ್ವಿ, ಪಶ್ಚಿಮಕ್ಕಿರುವ ದೇವದುರ್ಗಗಳ ವಿಚಾರ ಬೇರೆ. 1871ರ ರೈಲುಮಾರ್ಗವು ಇವೆರಡನ್ನೂ ಮುಟ್ಟಲಿಲ್ಲ. ಈಗ ಎರಡರಲ್ಲಿಯೂ ಸರ್ಕಾರದ ಪ್ರಥಮ ದರ್ಜೆ ಕಾಲೇಜುಗಳಿವೆ. ಭಾಷೆಯ ಬಾಗಿಲೂ ದೂರದೂರಿನ ಬಾಗಿಲೂ ತೆರೆದಿವೆ. ಆದರೂ ಬುಟ್ಟಿಚೆಂಡು ಇತರ ಆಟಗಳಂತಲ್ಲ. ಕಬಡ್ಡಿಗೆ ಗೆರೆ ಎಳೆದ ಮಣ್ಣು ಸಾಕು. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಚೆಂಡು ಸಮನಾಗಿ ಪುಟಿಯಬೇಕಾದರೆ ಇಪ್ಪತ್ತೆಂಟು ಮೀಟರು ಉದ್ದ, ಹದಿನೈದು ಮೀಟರು ಅಗಲದ ಗಟ್ಟಿನೆಲ ಬೇಕು. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಅಂತಿಮ ಪಂದ್ಯವು ಮಳೆಯಲ್ಲಿ ಮಣ್ಣಿನ ಅಂಗಳದ ಮೇಲೆ ನಡೆದು, ಕೆಸರಿನಲ್ಲಿ ಚೆಂಡು ಪುಟಿಯದೆ ಅಮೆರಿಕಾ ಗೆದ್ದದ್ದು ಬರಿಯ 19–8ರಿಂದ. ಜಗತ್ತಿನ ಶ್ರೇಷ್ಠರೇ ಹಾಗಾದಾಗ ಎರೆಮಣ್ಣಿನ ಸೀಮೆಯ ವಿದ್ಯಾರ್ಥಿಗಳ ಪಾಡನ್ನು ವಾಚಕರು ಊಹಿಸಬಹುದು.

ಇನ್ನು ವೇಳೆಯ ಪ್ರಶ್ನೆ. ಬೇಸಿಗೆಯ ಉಷ್ಣವು ನಲವತ್ತು ಡಿಗ್ರಿಯನ್ನು ಮೀರುವ ಈ ನಾಡಿನಲ್ಲಿ ಆಟಕ್ಕೆ ತಕ್ಕ ಸಮಯ ಬೆಳಗಿನ ಜಾವ, ಇಲ್ಲವೆ ಸಂಜೆ. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಗೆ ಸಂಜೆಯೆಂದರೆ ಊರಿಗೆ ಮರಳುವ ಬಸ್ಸಿನ ವೇಳೆ. ಬಸ್ಸು ತಪ್ಪಿದರೆ ಆ ದಿನದ ಆಟವಷ್ಟೇ ಅಲ್ಲ, ಮರುದಿನದ ಕಾಲೇಜೂ ತಪ್ಪೀತೆಂಬ ಭಯ ಅವಳಿಗುಂಟು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 49ನ್ನೂ ಮುಟ್ಟಿರಲಿಲ್ಲ. ಅಂತಹ ನಾಡಿನಲ್ಲಿ ಕಾಲೇಜಿನವರೆಗೆ ಬಂದ ಹೆಣ್ಣುಮಗಳು ಆಗಲೇ ಹಲವು ಪಂದ್ಯಗಳನ್ನು ಗೆದ್ದು ಬಂದವಳು. ಸ್ಮಿತ್ ಕಾಲೇಜಿನ ಅಂಗಳದ ಗೆರೆಗಳು ಅಳಿದುಹೋದರೂ, ಅವಳ ಸುತ್ತ ಬಸ್ಸಿನ ವೇಳೆಯ ಗೆರೆಯೊಂದು ಉಳಿದಿದೆ.

ಆಟವು ಹುಟ್ಟಿದ ದೇಶದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ದೊಡ್ಡ ವ್ಯಾಪಾರವಾಗಿ, 2021ರಿಂದ ವಿದ್ಯಾರ್ಥಿಗಳು ತಮ್ಮ ಹೆಸರಿನಿಂದಲೇ ಹಣ ಗಳಿಸಬಹುದಾಗಿದೆ. ಎಡೆದೊರೆನಾಡು ಆ ವೈಭವವನ್ನು ಬಯಸಬೇಕಾದುದಿಲ್ಲ. ಇಲ್ಲಿ ಬೇಕಾದುದು ಅಲ್ಪ: ತಾಲ್ಲೂಕಿಗೊಂದು ಗಟ್ಟಿನೆಲದ ಅಂಗಳ, ಆಟ ಮುಗಿದ ಮೇಲೆ ಹೊರಡುವ ಒಂದು ಬಸ್ಸು, ವರ್ಷಕ್ಕೊಮ್ಮೆ ಪಟ್ಟಣದ ಎಲ್ಲ ಕಾಲೇಜುಗಳೂ ಕೂಡಿ ಆಡುವ ಒಂದು ಪಂದ್ಯ. ಬಳೆಯ ಎತ್ತರವನ್ನು ಯಾರೂ ತಗ್ಗಿಸಬೇಕಾಗಿಲ್ಲ. ಹತ್ತು ಅಡಿಯನ್ನು ಮಕ್ಕಳು ತಾವೇ ಮುಟ್ಟಬಲ್ಲರು. ಅದರ ಬುಡದವರೆಗಿನ ದಾರಿಯನ್ನು ಮಾಡಿಕೊಡುವುದು ಹಿರಿಯರ ಕೆಲಸ.