ದುಡಿದರೂ ತೀರದ ಋಣ: ಮೃಚ್ಛಕಟಿಕದಿಂದ ಚೋಮನ ದುಡಿಯವರೆಗೆ

ಸಂಸ್ಕೃತ ನಾಟಕಗಳಲ್ಲಿ ಅರಸರೂ ವಿದೂಷಕರೂ ಮಾತನಾಡಿದಷ್ಟು ಆಳುಕಾಳುಗಳು ಮಾತನಾಡಿದುದಿಲ್ಲ. ಶೂದ್ರಕನ ಮೃಚ್ಛಕಟಿಕವು ಇದಕ್ಕೆ ದೊಡ್ಡ ಅಪವಾದ. ಅದರಲ್ಲಿ ಸಂವಾಹಕನು ಪಾಟಲಿಪುತ್ರದಿಂದ ಉಜ್ಜಯಿನಿಗೆ ಬಂದು ಚಾರುದತ್ತನಲ್ಲಿ ಮೈಯೊತ್ತುವ ಚಾಕರಿಗೆ ನಿಲ್ಲುತ್ತಾನೆ. ಯಜಮಾನನು ದರಿದ್ರನಾದೊಡನೆ ಆಳಿನ ಅನ್ನವೂ ಹೋಗಿ, ಜೂಜಿಗೆ ಬಿದ್ದು, ಹತ್ತು ಸುವರ್ಣಗಳ ಸಾಲಕ್ಕಾಗಿ ಬೀದಿಯಲ್ಲಿ ಪೆಟ್ಟು ತಿನ್ನುತ್ತಾನೆ. ಅವನ ಸಾಲವನ್ನು ವಸಂತಸೇನೆಯು ತನ್ನ ಕೈಬಳೆಯಿಂದ ತೀರಿಸುತ್ತಾಳೆ. ದಾಸಿ ಮದನಿಕೆಯನ್ನು ಬೆಲೆಯಿಲ್ಲದೆ ಬಿಡುತ್ತಾಳೆ. ಗಾಡಿಯಾಳು ಸ್ಥಾವರಕನಿಗೆ ರಾಜ್ಯ ಬದಲಾದ ಮೇಲೆ ದಾಸ್ಯವು ಕಳೆಯುತ್ತದೆ. ಮೂವರಿಗೂ ಮೋಕ್ಷವಾಯಿತು, ನಿಜ. ಆದರೆ ಸ್ವಂತ ದುಡಿಮೆಯಿಂದ ಬಿಡುಗಡೆ ಪಡೆದವರು ಅವರಲ್ಲಿ ಒಬ್ಬರೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ಸೂಕ್ಷ್ಮವನ್ನು ಕನ್ನಡದಲ್ಲಿ, ಯಾವ ದಾನಶೂರರ ಸಹಾಯವೂ ಇಲ್ಲದೆ, ಕಡೆಯ ತನಕ ಹಿಡಿದು ತೋರಿಸಿದ ಗ್ರಂಥವು ಶಿವರಾಮ ಕಾರಂತರ ಚೋಮನ ದುಡಿ. ಅದು ಪ್ರಕಟವಾದುದು 1933ರಲ್ಲಿ.

ಆ ಕಾಲದ ಸ್ಥಿತಿಯನ್ನು ನೆನೆಯದೆ ಕಥೆಯ ತೂಕ ತಿಳಿಯದು. ಕೆಲಸಕ್ಕೆ ಮೊದಲೇ ಮುಂಗಡ ಹಣವನ್ನು ಕೊಟ್ಟು ಆಳನ್ನು ಕಟ್ಟಿಹಾಕುವುದು ತೋಟಗಾರರ ಹಳೆಯ ರೂಢಿ. 1859ರ 13ನೆಯ ಕಾಯಿದೆಯು ಈ ರೂಢಿಗೆ ಸರಕಾರದ ಬಲವನ್ನೇ ಕೊಟ್ಟಿತು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನ ಮುಂದೆ ಅಪರಾಧಿ. ಅವನು ಹಣವನ್ನು ಹಿಂದಿರುಗಿಸಬೇಕು ಇಲ್ಲವೆ ದುಡಿಯಬೇಕು. ಎರಡಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸೆರೆ. ಸಾಹುಕಾರನ ಸಾಲಕ್ಕೆ ಸಿವಿಲ್ ದಾವೆ, ಕೂಲಿಯವನ ಸಾಲಕ್ಕೆ ಸೆರೆಮನೆ! ಈ ಕಾಯಿದೆಯು 1925ರಲ್ಲಿ ರದ್ದಾಯಿತು. ಕಾಗದದ ಸಂಕೋಲೆ ಕಳಚಿತೇ ಹೊರತು ಋಣದ ಸಂಕೋಲೆ ಕಳಚಲಿಲ್ಲ.

ಚೋಮನು ದಕ್ಷಿಣ ಕನ್ನಡದ ಮೂಲದಾಳು. ಎರಡು ಎತ್ತುಗಳನ್ನು ಸಾಕಿರುವ ಅವನಿಗೆ ಒಂದಿಷ್ಟು ಗದ್ದೆಯನ್ನು ಗೇಣಿಗೆ ಪಡೆದು ಸಾಗುವಳಿ ಮಾಡುವ ಆಸೆ. ಅಸ್ಪೃಶ್ಯನೆಂಬ ಕಾರಣಕ್ಕೆ ಅದು ದಕ್ಕುವುದಿಲ್ಲ. ಇತ್ತ ಕಾಫಿ ತೋಟದ ಸಾಲವೊಂದು ತಲೆಯ ಮೇಲಿದೆ. ಅದನ್ನು ತೀರಿಸಲು ಇಬ್ಬರು ಮಕ್ಕಳು ಘಟ್ಟ ಹತ್ತುತ್ತಾರೆ. ಚನಿಯನು ರೋಗದಿಂದ ಸಾಯುತ್ತಾನೆ. ಗುರುವನು ಕ್ರೈಸ್ತ ಕನ್ಯೆಯನ್ನು ವರಿಸಿ ಮನೆಗೆ ದೂರವಾಗುತ್ತಾನೆ. ಸಾಲವು ಇದ್ದಂತೆಯೇ ಇದೆ. ಆಗ ಮಗಳು ಬೆಳ್ಳಿಯು ಹೋಗುತ್ತಾಳೆ, ಸಾಲವು ಲೆಕ್ಕದಿಂದ ಹೊಡೆದುಹೋಗುತ್ತದೆ. ಆದರೆ ಅದನ್ನು ಹೊಡೆದುಹಾಕಿದುದು ಅವಳು ದುಡಿದ ಕೂಲಿಯಲ್ಲ, ಅವಳ ಮಾನ. ಕಾರಂತರು ಇಲ್ಲಿ ವಾದಿಸುವುದಿಲ್ಲ, ಮೊರೆಯಿಡುವುದೂ ಇಲ್ಲ. ತೋಟದ ಧಣಿಯ ಲೆಕ್ಕದ ಪುಸ್ತಕದಲ್ಲಿ ಯಾವುದು ಜಮೆಯಾಗುತ್ತದೆ, ಯಾವುದು ಆಗುವುದಿಲ್ಲವೆಂಬುದನ್ನು ತೋರಿಸಿ ಸುಮ್ಮನಾಗುತ್ತಾರೆ. ಕರುಣರಸಕ್ಕೆ ಇದಕ್ಕಿಂತ ಹೆಚ್ಚಿನ ವಿಭಾವ ಬೇಕಿಲ್ಲ.

1975ರಲ್ಲಿ ಬಿ. ವಿ. ಕಾರಂತರು ಇದನ್ನು ಕಪ್ಪು-ಬಿಳುಪಿನ ಚಲಚ್ಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠನಟ ಪ್ರಶಸ್ತಿಯೂ ದೊರೆತವು. ಪುಸ್ತಕದಲ್ಲಿ ಓದುಗನು ಊಹಿಸಬೇಕಾದ ದುಡಿಯ ಸದ್ದು ಚಿತ್ರದಲ್ಲಿ ಕಿವಿಗೇ ಬಡಿಯುತ್ತದೆ. ನೆಲವಿಲ್ಲದವನ ಸಿಟ್ಟು ಮಾತಿಲ್ಲದೆ ಅರ್ಥವಾಗುತ್ತದೆ. ಇದು ಚಿತ್ರದ ಲಾಭ. ನಷ್ಟವೂ ಉಂಟು: ಸಾಲವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುವ ಬಗೆಯನ್ನು ಬರಹವು ನಿಧಾನವಾಗಿ ಹೇಳಬಲ್ಲುದು. ನೋಟಕನಾದರೋ ದುಡಿಯ ಸದ್ದನ್ನು ನೆನಪಿಟ್ಟು ಲೆಕ್ಕವನ್ನು ಮರೆತಾನು.

ಅದೇ 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆ ಹೊರಟಿತು. 1976ರಲ್ಲಿ ಅದು ಕಾಯಿದೆಯಾಯಿತು. ಜೀತದ ಸಾಲವೆಲ್ಲ ಅಳಿದುಹೋದುದೆಂದೂ, ಅದಕ್ಕಾಗಿ ಯಾರನ್ನೂ ದುಡಿಸಕೂಡದೆಂದೂ ಅದರಲ್ಲಿ ವಿಧಿಸಿದೆ. ಇಟ್ಟಿಗೆಯ ಗೂಡುಗಳಿಗೂ ಕಬ್ಬು ಕಡಿಯುವ ಕೆಲಸಕ್ಕೂ ಮುಂಗಡ ಕೊಟ್ಟು ಸಂಸಾರಸಹಿತ ಆಳುಗಳನ್ನು ಕರೆದೊಯ್ಯುವ ರೂಢಿ ಇಂದಿಗೂ ನಡೆದಿದೆ.