ತಳ ಗುಡಿಸದ ಕಣಜ

ನನ್ನ ತರಗತಿಯಲ್ಲಿ ಸೀಸ-ಆಮ್ಲ ಕೋಶದ ಚಿತ್ರ ಬಿಡಿಸಿದವರಿಗೆ ನೆನಪಿರಬಹುದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ, ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಲ್ಲ ವಿದ್ಯುತ್ಕೋಶವನ್ನು ರಚಿಸಿದನು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಸಾಮರ್ಥ್ಯವನ್ನು ಬಹಳವಾಗಿ ಹೆಚ್ಚಿಸಿದನು.

ಇಷ್ಟನ್ನು ಬೋಧಿಸಿದ ನಾನೇ ಮನೆಯಲ್ಲಿ ತಪ್ಪಿದೆ. ಮಾಳಿಗೆಗೆ ಸೌರಫಲಕ ಹಾಕಿಸಿದ ಹೊಸದರಲ್ಲಿ, ನಿಯಂತ್ರಕದ ಕೆಂಪು ದೀಪ ಹೊತ್ತಿ ವಿದ್ಯುತ್ ಕಡಿತವಾಗುವುದು ನನಗೆ ನಷ್ಟವೆನಿಸಿತು. ಬ್ಯಾಟರಿಯಿಂದ ನೇರವಾಗಿ ತಂತಿ ಎಳೆಸಿ, ದೀಪ ಮಂಕಾಗುವವರೆಗೂ ನಿತ್ಯ ಉರಿಸಿದೆ. ಎರಡನೆಯ ಮಳೆಗಾಲದ ಒಂದು ರಾತ್ರಿ ಕರೆಂಟು ಹೋದಾಗ, ಹಾಸಿಗೆ ಹಿಡಿದಿದ್ದ ತಾಯಿಯವರ ಕೋಣೆಯಲ್ಲಿ ದೀಪ ಹತ್ತಲಿಲ್ಲ. "ಯಾರಾದರೂ ಇದ್ದೀರೇನಪ್ಪಾ?" ಎಂದು ಅವರು ಕತ್ತಲಲ್ಲಿ ಕೂಗಿದ ದನಿ ಇಂದಿಗೂ ಕಿವಿಯಲ್ಲಿದೆ.

ಕಾರಣ ನನ್ನ ಪಾಠದಲ್ಲಿಯೇ ಇತ್ತು. ವಿದ್ಯುತ್ ವ್ಯಯವಾದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ತುಂಬಿದರೆ ಅದು ಮೊದಲಿನ ರೂಪಕ್ಕೆ ಮರಳುತ್ತದೆ. ಬರಿದಾಗಿಸಿ ಹಾಗೆಯೇ ಬಿಟ್ಟರೆ ಗಟ್ಟಿ ಹರಳಾಗಿ ಉಳಿದುಬಿಡುತ್ತದೆ. ಆದ್ದರಿಂದ ಇಂತಹ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಉಳಿಸುವುದು ಲೇಸು. 12 ವೋಲ್ಟಿನ ಬ್ಯಾಟರಿಯು ಕೆಲಸವಿಲ್ಲದೆ ಕೆಲಹೊತ್ತು ನಿಂತಾಗ ಸುಮಾರು 12.2 ವೋಲ್ಟ್ ತೋರಿದರೆ ಅರ್ಧ ಮುಗಿದಿದೆಯೆಂದೇ ಅರ್ಥ.

1997ರಲ್ಲಿ ಟೆಕ್ಸಾಸಿನ ಜಾನ್ ಗುಡ್‌ಇನಫ್ ತಂಡವು ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ಒದಗುವ ವಸ್ತುವೆಂದು ಪ್ರಕಟಿಸಿತು. ಈ ಬಗೆಯದರಲ್ಲಿ ನೂರಕ್ಕೆ 80ರಷ್ಟು ಬಳಸಿದರೂ ಸಾವಿರಾರು ಸಲ ತುಂಬಬಹುದು. ಆದರೂ ಪೂರ್ತಿ ಬರಿದು ಮಾಡುವುದು ಅದಕ್ಕೂ ಹಿತವಲ್ಲ.

ನಮ್ಮ ಹಿರಿಯರು ಕಣಜದ ತಳ ಗುಡಿಸುತ್ತಿರಲಿಲ್ಲ. ಬೀಜಕ್ಕೆಂದು ಕಾಳು ಉಳಿಸುತ್ತಿದ್ದರು. ಮಕ್ಕಳೇ, ಈ ಮೇಷ್ಟರು ಅದನ್ನು ತಡವಾಗಿ ಕಲಿತರು.