ಬೆಸುಗೆಯಿಂದ ಪುಟ್ಟ ರೋಬೋಟಿನವರೆಗೆ

ರೋಬೋಟ್ ಅಂದಕೂಡಲೇ ಸಿನಿಮಾದ ಕಬ್ಬಿಣದ ಮನುಷ್ಯ ನೆನಪಾಗ್ತಾನೆ, ಅಲ್ವಾ? ನಾನು ಹೇಳಹೊರಟಿರೋದು ಮೇಜಿನ ಮೇಲೆ ಕೂರುವ ರೋಬೋಟಿನ ಕತೆ. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಅಕ್ಕಿನುಚ್ಚಿನಷ್ಟು ಚಿಕ್ಕ ಬಿಡಿಭಾಗಗಳನ್ನು ಜೋಡಿಸೋದು ಅದರ ಕೆಲಸ. ಕುಂದೂರಿನವನಿಗೆ ಇದೆಲ್ಲ ಯಾಕೆ ಅಂತೀರಾ? ಸ್ವಲ್ಪ ತಾಳಿ.

ಬೆಂಗಳೂರಿನಲ್ಲಿ ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ ಶುರುವಾದವು. ಆ ಕಾಲದ ಬಿಡಿಭಾಗಗಳಿಗೆ ಉದ್ದನೆಯ ತಂತಿಕಾಲು. ಮುಂದೆ ಬೋರ್ಡುಗಳು ಬಂದಾಗ ಅದನ್ನು ತೂತಿನಲ್ಲಿ ತೂರಿಸಿ ಕೈಯಲ್ಲೇ ಬೆಸುಗೆ ಹಾಕಬಹುದಿತ್ತು. ನಾಲ್ಕು ಜನ ಕೂತರೆ ಅದೇ ಒಂದು ಕಾರ್ಖಾನೆ!

1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಬಂದಿದ್ದು ನಮ್ಮ ಕಿತ್ತೂರಿಗೆ, 1986ರಲ್ಲಿ. ಅದಕ್ಕೆ ಏಸಿ ಕೋಣೆಯೇ ಬೇಕಿರಲಿಲ್ಲ. ಯಂತ್ರಕ್ಕಾಗಿ ಊರನ್ನು ಬದಲಾಯಿಸದೆ, ಊರಿಗೆ ತಕ್ಕ ಯಂತ್ರ ಮಾಡಿದ್ದರು. ಇದೇ ನನಗೆ ತುಂಬಾ ಇಷ್ಟವಾದ ಮಾತು.

ಅದೇ ದಶಕದಲ್ಲಿ ಕಾಲಿಲ್ಲದ, ಬೋರ್ಡಿನ ಮೇಲೆ ಅಂಟಿಕೂರುವ ಬಿಡಿಭಾಗಗಳು ಹರಡತೊಡಗಿದವು. ಅವನ್ನಿಡಲು ದುಬಾರಿ ಯಂತ್ರ ಬೇಕು. ಸಾವಿರಾರು ಬೋರ್ಡಿದ್ದರೆ ಸರಿ, ಐವತ್ತೇ ಬೋರ್ಡಿಗಾದರೆ ಯಂತ್ರವನ್ನು ಸಜ್ಜು ಮಾಡುವ ಖರ್ಚೇ ಜಾಸ್ತಿ. ಸಣ್ಣವರು ಚಿಮುಟ ಹಿಡಿದು ಕಣ್ಣು ನೋಯಿಸಿಕೊಂಡರು.

ದಾರಿ ತೆರೆದಿದ್ದು 2005ರಲ್ಲಿ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ತ್ರೀಡಿ ಪ್ರಿಂಟರಿಗಾಗಿ ರೆಪ್‌ರ‍್ಯಾಪ್ ಯೋಜನೆ ಆರಂಭಿಸಿದರು. ಅದೇ ವರ್ಷ ಇಟಲಿಯಲ್ಲಿ ಆರ್ಡುಯಿನೋ ಬಂತು. ಇವುಗಳಿಂದಾಗಿ ಸ್ಟೆಪ್ಪರ್ ಮೋಟಾರು, ಬೆಲ್ಟು, ನಿಯಂತ್ರಣ ಬೋರ್ಡು ಎಲ್ಲ ಅಗ್ಗವಾದವು. ಅದೇ ಅಸ್ಥಿಪಂಜರಕ್ಕೆ ಗಾಳಿ ಹೀರುವ ಸಣ್ಣ ಪಂಪು, ಎರಡು ಕ್ಯಾಮೆರಾ ಸೇರಿಸಿದರೆ ನಮ್ಮ ರೋಬೋಟ್ ತಯಾರು. ಒಂದು ಕ್ಯಾಮೆರಾ ಬೋರ್ಡನ್ನು ನೋಡುತ್ತೆ, ಇನ್ನೊಂದು ಕೊಳವೆಯ ತುದಿಗೆ ಅಂಟಿದ ಬಿಡಿಭಾಗ ನೆಟ್ಟಗಿದೆಯಾ ಅಂತ ಕೆಳಗಿನಿಂದ ನೋಡುತ್ತೆ. ನಡೆಸಲು ಓಪನ್‌ಪಿಎನ್‌ಪಿ ಎಂಬ ಮುಕ್ತ ತಂತ್ರಾಂಶ ಇದೆ, ಬಿಟ್ಟಿ. ಇದು ನಿಧಾನ, ನಿಜ. ಮೊಬೈಲ್ ಕಾರ್ಖಾನೆಗೆ ಆಗದು. ಐವತ್ತು ಬೋರ್ಡಿಗೆ ಧಾರಾಳವಾಯ್ತು.

ಈಗ ಕುಂದೂರಿಗೆ ಬರೋಣ. ಆಲೂರು, ಸಕಲೇಶಪುರದ ಕಡೆ ರಾತ್ರಿ ರಸ್ತೆಯಲ್ಲಿ ಆನೆ ಇದೆ ಅಂತ ಎಚ್ಚರಿಸುವ ದೀಪ ಬೇಕು. ಕಣದಲ್ಲಿ ಹರಡಿದ ಕಾಫಿಯ ತೇವ ಅಳೆಯುವ ಸಾಧನ ಬೇಕು. ಒಂದೊಂದೂ ಐವತ್ತೋ ನೂರೋ ಸಾಕು. ಅಷ್ಟಕ್ಕೆ ಯಾವ ದೊಡ್ಡ ಕಂಪನಿ ಬರುತ್ತೆ ಹೇಳಿ? ಆನೆಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಕಿತ್ತೂರಿಗೆ ತಕ್ಕ ಎಕ್ಸ್‌ಚೇಂಜ್ ಮಾಡಿದಂತೆ, ನಮ್ಮೂರಿಗೆ ತಕ್ಕ ಕಾರ್ಖಾನೆಯೂ ಒಂದು ಮೇಜಿನಷ್ಟಿದ್ದರೆ ಸಾಕು. ನೀವೇನಂತೀರಿ?